ಮಲಾವಿಯ ಮಿಷನ್ ಆಸ್ಪತ್ರೆಗೆ ಹೊರಟಿದ್ದೇನೆ. ಅಲ್ಲಿನ ದಿನಚರಿ, ಆರಾಧನೆ ಹೇಗಿರುತ್ತದೆ?

ಹೊಸಪಯಣ:
ಎಲ್ಲರಿಗೂ ನಮಸ್ಕಾರ. ನಾನು ನರ್ಸ್. ಹನ್ನೊಂದು ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಕೆಲಸ. ಇನ್ನೆರಡು ತಿಂಗಳಿಗೆ ಆಫ್ರಿಕಾದ ಮಲಾವಿ ದೇಶದ ಉತ್ತರ ಭಾಗದ ಒಂದು ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಎರಡು ವರ್ಷದ ಮಟ್ಟಿಗೆ. ಪ್ರೆಸ್ಬಿಟೇರಿಯನ್ ಸಭೆಯವರು (ಆ ಪಂಗಡದ ಚರ್ಚಿನವರು) ನಡೆಸುವ ಆಸ್ಪತ್ರೆ, ಲಿವಿಂಗ್‌ಸ್ಟೋನಿಯಾ ಸಿನೊಡ್‌ಗೆ (ಆ ಭಾಗದ ಸಭೆಗಳ ಆಡಳಿತ ಮಂಡಳಿಗೆ) ಸೇರಿದ್ದು. ಅಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿ, ಪರ್ಮಿಟ್ ಎಲ್ಲಾ ಆಯಿತು. ಕಾಗದ ಪತ್ರದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಕ್ಕಿದರು. ಆದರೆ ನನಗೆ ಬೇಕಾದ್ದನ್ನು ಯಾರೂ ಹೇಳುತ್ತಿಲ್ಲ. ಬೆಳಿಗ್ಗೆ ಎದ್ದರೆ ಅಲ್ಲಿ ದಿನ ಹೇಗೆ ಸಾಗುತ್ತದೆ? ಭಾನುವಾರದ ಆರಾಧನೆ ಯಾವ ಭಾಷೆಯಲ್ಲಿ? ಒಂದು ಮಾತೂ ತಿಳಿಯದೆ ಮೂರು ಗಂಟೆ ಕೂತರೆ ನನ್ನ ಪ್ರಾರ್ಥನೆ ಒಣಗಿ ಹೋಗುತ್ತದೇನೋ ಅಂತ ನಿಜವಾಗಿಯೂ ಭಯ ಇದೆ. ಅಲ್ಲಿ ಇದ್ದು ಬಂದವರು ದಯವಿಟ್ಟು ಬಿಡಿಸಿ ಹೇಳಿ. ಸಣ್ಣ ವಿಷಯ ಅಂತ ಬಿಡಬೇಡಿ, ಸಣ್ಣ ವಿಷಯವೇ ನನಗೆ ಬೇಕಾಗಿರೋದು.

ಸುಮ್ನೆಓದುವೆ:
ಚಿಚೇವಾ ಭಾಷೆ ಸ್ವಲ್ಪ ಕಲಿತು ಹೋಗಿ. ದೇಶದಲ್ಲೆಲ್ಲಾ ನಡೆಯುತ್ತದೆ.

ಬೆಟ್ಟದಮೇಲೆ:
ಮೇಡಂ, ನಾನು ಲಿವಿಂಗ್‌ಸ್ಟೋನಿಯಾ ಊರಲ್ಲೇ ಮೂರು ವರ್ಷ ಗಣಿತ ಹೇಳಿಕೊಟ್ಟವನು. ಖೊಂಡೋವೆ ಅಂತ ಆ ಗುಡ್ಡದ ಹಳೇ ಹೆಸರು. ಕೆಳಗೆ ಚಿತಿಂಬಾದಲ್ಲಿ ಬಸ್ಸಿಳಿದರೆ ಎದುರಿಗೆ ಮಲಾವಿ ಸರೋವರ, ಹಿಂದೆ ಗೋಡೆಯ ಹಾಗೆ ನಿಂತ ಬೆಟ್ಟ. ಸರೋವರದಿಂದ ಸುಮಾರು 900 ಮೀಟರ್ ಮೇಲಕ್ಕೆ ಹತ್ತಬೇಕು. ಕಲ್ಲು ಮಣ್ಣಿನ ರಸ್ತೆ, ಸುಮಾರು ಇಪ್ಪತ್ತು ತಿರುವು. ಮಳೆ ಬಂದ ದಿನ ಗಾಡಿ ಹತ್ತುವುದಿಲ್ಲ, ಜನ ನಡೆದೇ ಹತ್ತುತ್ತಾರೆ.

ದಿನ ಶುರುವಾಗುವುದು ಪೊರಕೆ ಸದ್ದಿನಿಂದ. ಐದು ಗಂಟೆಗೆ ಇನ್ನೂ ಮಬ್ಬು ಇರುವಾಗಲೇ ಹೆಂಗಸರು ಬಗ್ಗಿ ಮಣ್ಣಿನ ಅಂಗಳ ಗುಡಿಸುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ನೆಲದ ತುಂಬಾ ಪೊರಕೆಯ ಗೆರೆಗಳು. ಅದರ ಮೇಲೆ ಮೊದಲ ಹೆಜ್ಜೆ ಇಡಲು ಮನಸ್ಸೇ ಬರುತ್ತಿರಲಿಲ್ಲ ನನಗೆ. ಆಮೇಲೆ ಗಂಟೆ. ಹಳ್ಳಿಯ ಪ್ರಾರ್ಥನಾ ಮನೆಗಳಲ್ಲಿ ಗಂಟೆ ಅಂದರೆ ಮರದ ಕೊಂಬೆಗೆ ನೇತು ಹಾಕಿದ ಹಳೇ ಲಾರಿ ಚಕ್ರದ ರಿಮ್ಮು. ಹುಡುಗ ಒಬ್ಬ ದಪ್ಪ ಬೋಲ್ಟ್ ಹಿಡಿದು ಬಡಿಯುತ್ತಾನೆ. ಕಣಿವೆ ದಾಟಿ ಆಚೆ ಗುಡ್ಡಕ್ಕೂ ಕೇಳಿಸುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಶುರುವಾಗುವ ಮುಂಚೆ ಪ್ರಾರ್ಥನೆ ಇರುತ್ತದೆ. ಡಾಕ್ಟರು, ನರ್ಸು, ಕಸ ಗುಡಿಸುವವರು, ಡ್ರೈವರು, ಎಲ್ಲರೂ. ಒಬ್ಬರು ಹಾಡು ಎತ್ತುತ್ತಾರೆ, ವಾರ್ಡಿನಿಂದ ರೋಗಿಗಳೂ ಮಲಗಿದಲ್ಲೇ ಸ್ವರ ಸೇರಿಸುತ್ತಾರೆ. ಸತ್ಯವೇದದ (ಬೈಬಲ್ಲಿನ) ಒಂದು ಭಾಗ, ಐದು ನಿಮಿಷ ಮಾತು. ಆ ಮಾತನ್ನು ಸರದಿ ಪ್ರಕಾರ ಎಲ್ಲರೂ ಹೇಳಬೇಕು. ನಿಮ್ಮ ಸರದಿಯೂ ಬರುತ್ತದೆ, ತಯಾರಾಗಿರಿ. ಇಂಗ್ಲಿಷಿನಲ್ಲಿ ಹೇಳಿದರೆ ಪಕ್ಕದಲ್ಲಿ ಒಬ್ಬರು ನಿಂತು ಅಲ್ಲಿನ ತುಂಬುಕಾ ಭಾಷೆಯಲ್ಲಿ ಹೇಳುತ್ತಾರೆ.

ಕತ್ತಲಾಗುವುದು ಆರು ಗಂಟೆ ಹೊತ್ತಿಗೆ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ರಾತ್ರಿ ಎಂಟಕ್ಕೆಲ್ಲ ಊರು ಮಲಗಿರುತ್ತದೆ.

ಖಾಟಾತೀರ:
ಸುಮ್ನೆಓದುವೆ ಅವರೇ, ಉತ್ತರಕ್ಕೆ ಹೋಗುವವರಿಗೆ ಚಿಚೇವಾ ಕಲಿಯಿರಿ ಅಂತ ಹೇಳಬೇಡಿ. ಅದು ಅಲ್ಲಿನವರಿಗೆ ನೋವಿನ ವಿಷಯ. ಉತ್ತರದ ಭಾಷೆ ಚಿತುಂಬುಕಾ, ಅಂದರೆ ತುಂಬುಕಾ. ನಾನಿದ್ದ ಎನ್ಖಾಟಾ ಬೇ ಕಡೆ ಚಿತೋಂಗಾ. 1968ರಲ್ಲಿ ಆಗಿನ ಅಧ್ಯಕ್ಷ ಬಾಂಡಾ ಅವರ ಸರ್ಕಾರ ಚಿಚೇವಾವನ್ನು ರಾಷ್ಟ್ರಭಾಷೆ ಮಾಡಿತು. ರೇಡಿಯೊದಲ್ಲಿ ತುಂಬುಕಾ ನಿಂತುಹೋಯಿತು, ಶಾಲೆಯಿಂದಲೂ ಹೋಯಿತು. ಬಹುಪಕ್ಷ ಆಡಳಿತ ಬಂದ ಮೇಲೆ, 1994ರಲ್ಲಿ, ರೇಡಿಯೊಗೆ ಅದು ಮರಳಿತು. ಈ ನಡುವಿನ ಅಷ್ಟೂ ವರ್ಷ ಆ ಭಾಷೆ ದೊಡ್ಡ ಸ್ವರದಲ್ಲಿ ಕೇಳುತ್ತಿದ್ದ ಜಾಗ ಸಭೆ. ಹಾಡಿನ ಪುಸ್ತಕದಲ್ಲಿ, ಪ್ರಸಂಗದಲ್ಲಿ (ಉಪದೇಶದಲ್ಲಿ), ಪ್ರಾರ್ಥನೆಯಲ್ಲಿ ಉಳಿಯಿತು. ಅದಕ್ಕೇ ಅಲ್ಲಿನ ಅಜ್ಜಿಯರು ಹಾಡಿನ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬರುತ್ತಾರೆ. ಭಾಷೆ ಕಲಿಯುವುದಾದರೆ ಅದನ್ನು ಕಲಿಯಿರಿ.

ಸುಮ್ನೆಓದುವೆ:
ಇದು ಗೊತ್ತಿರಲಿಲ್ಲ. ನಾನು ಇದ್ದದ್ದು ರಾಜಧಾನಿ ಲಿಲೋಂಗ್ವೆಯಲ್ಲಿ, ಅಲ್ಲಿ ಚಿಚೇವಾ ಸಾಕಾಗುತ್ತಿತ್ತು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಹೊಸಪಯಣ:
ಹಾಗಾದರೆ ಎರಡು ಮೂರು ಮಾತು ಹೇಳಿಕೊಡಿ ಖಾಟಾತೀರ ಅವರೇ. ಇವತ್ತಿನಿಂದಲೇ ಶುರು ಮಾಡುತ್ತೇನೆ.

ಖಾಟಾತೀರ:
ಬೆಳಿಗ್ಗೆ ಸಿಕ್ಕವರಿಗೆ "ಮ್ವಾವುಕಾ ಉಲಿ?" ಅನ್ನಿ. ಹೇಗೆ ಎದ್ದಿರಿ, ಅಂತ ಅರ್ಥ. ಅವರು "ತಾವುಕಾ ಮಕೋಲಾ, ಕ್ವಾಲಿ ಇಮ್ವೆ?" ಅನ್ನುತ್ತಾರೆ. ನಾವು ಚೆನ್ನಾಗಿ ಎದ್ದೆವು, ನೀವೋ? ಆಮೇಲೆ ನೀವು ಅದಕ್ಕೆ ಉತ್ತರ ಕೊಡಬೇಕು. ಉಪಕಾರ ಸ್ಮರಣೆಗೆ "ಯೆವೊ". ಒಂದು ಮಾತು ನೆನಪಿಡಿ, ಹಾದು ಹೋಗುತ್ತಾ ಗಾಳಿಗೆ ಎಸೆದ ಹಾಗೆ ಹೇಳಬೇಡಿ. ನಿಲ್ಲಬೇಕು. ಮುಖ ನೋಡಬೇಕು. ಲೇಬರ್ ರೂಮಿಗೆ ಓಡುತ್ತಿದ್ದರೂ ಸರಿ, ಎರಡು ಉಸಿರು ನಿಂತು ಕೇಳಿ ಹೋಗಿ. ಯಾರದ್ದಾದರೂ ಮನೆ ಮುಂದೆ ಹೋದರೆ ಬಾಗಿಲು ಬಡಿಯಬೇಡಿ. "ಓಡಿ!" ಅಂತ ಕೂಗಿ, ಒಳಗಿನಿಂದ "ಓಡಿನಿ" ಅನ್ನುವ ತನಕ ಹೊರಗೇ ನಿಲ್ಲಿ.

ಎರಡುಪ್ಲಗ್:
ಪ್ಲಗ್ ಯಾವುದು ಅಂತ ಯಾರೂ ಹೇಳಲಿಲ್ಲ. ದಪ್ಪ ಚೌಕ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್. ನಮ್ಮ ಗುಂಡು ಪಿನ್ ಹೋಗುವುದಿಲ್ಲ. ಅಡಾಪ್ಟರ್ ಎರಡು ಇಟ್ಟುಕೊಳ್ಳಿ.

ಹಾಡುವಶೀಲೆ:
ಭಾನುವಾರದ ಆರಾಧನೆ ಬಗ್ಗೆ ನಾನು ಹೇಳುತ್ತೇನೆ. ಉತ್ತರದ ಎಂಬಂಗ್ವೇನಿ ಊರಿನ ಕಡೆ ಎರಡು ವರ್ಷ ಇದ್ದೆ, ಮೊದಲ ವಾರವೇ ಹಾಡುವ ತಂಡಕ್ಕೆ, ಅಂದರೆ ಕಾಯಿರ್‌ಗೆ ಸೇರಿಸಿಕೊಂಡರು. ಅಕ್ಕ, ಒಣಗಿ ಹೋಗುವ ಮಾತೇ ಇಲ್ಲ.

ಆರ್ಗನ್ ಇಲ್ಲ, ಕೀಬೋರ್ಡ್ ಇಲ್ಲ. ಸಭಾ ಹಿರಿಯರು ಹಾಡಿನ ನಂಬರ್ ಹೇಳುತ್ತಾರೆ. ಎಲ್ಲೋ ಹಿಂದಿನ ಸಾಲಿನ ಒಬ್ಬ ಮುದುಕಿ ಮೊದಲ ಸಾಲು ಎತ್ತುತ್ತಾಳೆ. ಎರಡನೇ ಸಾಲಿಗೆ ಹೆಂಗಸರು ಎರಡು ಸ್ವರದಲ್ಲಿ ಸೇರುತ್ತಾರೆ, ಗಂಡಸರು ಕೆಳಗಿನಿಂದ ಬಂದು ಹೊತ್ತು ನಿಲ್ಲುತ್ತಾರೆ. ನೆಲ ನಡುಗಿದ ಹಾಗಾಗುತ್ತದೆ. ಯಾರೂ ಕೈ ಆಡಿಸಿ ನಡೆಸುವುದಿಲ್ಲ. ಮಿಷನ್ ಶಾಲೆಗಳು ದೊ ರೆ ಮಿ ಅಕ್ಷರದ ಪದ್ಧತಿಯಲ್ಲಿ ಹಾಡು ಕಲಿಸಿದವು, ಈಗಲೂ ಕಾಯಿರ್ ಮಾಸ್ಟರುಗಳು ಕಪ್ಪು ಹಲಗೆಯ ಮೇಲೆ ಹಾಗೇ ಬರೆದು ಕಲಿಸುತ್ತಾರೆ. ಮಿಷನ್ ಕಟ್ಟಿದವರು ಸ್ಕಾಟ್ಲೆಂಡಿನವರು, ಆದರೆ ರಾಗಗಳೆಲ್ಲ ಅಲ್ಲಿಂದ ಬಂದವಲ್ಲ. ಡೊನಾಲ್ಡ್ ಫ್ರೇಜರ್ ಅಂತ ಒಬ್ಬ ಮಿಷನರಿ ಇದ್ದರು. ನಿಮ್ಮ ರಾಗದಲ್ಲೇ ಹಾಡು ಕಟ್ಟಿ ಅಂತ ಅಲ್ಲಿನ ಎನ್ಗೋನಿ, ತುಂಬುಕಾ ಜನರಿಗೆ ಹುರಿದುಂಬಿಸಿದರು. ಯುದ್ಧಕ್ಕೆ ಹೋಗುವಾಗ ಹಾಡುತ್ತಿದ್ದ ಧಾಟಿ, ಮದುವೆಯ ಧಾಟಿ ಸಭೆಯೊಳಗೆ ಬಂದವು. ಹಾಡಿನ ಪುಸ್ತಕದಲ್ಲಿ ಎರಡೂ ಇವೆ. ಕಣ್ಣು ಮುಚ್ಚಿ ಕೇಳಿದರೂ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಊರಿನ ಧಾಟಿ ಬಂದಾಗ ಮೈ ತಾನಾಗಿ ತೂಗುತ್ತದೆ.

ಒಂದು ಭಾನುವಾರ ಮೂರು ನಾಲ್ಕು ಕಾಯಿರ್ ಹಾಡುತ್ತವೆ. ಹೆಂಗಸರ ಸಂಘಕ್ಕೆ ಉತ್ತರದಲ್ಲಿ ಉಮಾನ್ಯಾನೊ ಅಂತ ಹೆಸರು. ಅವರು ಸಮವಸ್ತ್ರ ಹಾಕಿಕೊಂಡು ಸಾಲಾಗಿ ಬರುವುದನ್ನು ನೋಡಬೇಕು. ಕಾಣಿಕೆಯ ಹೊತ್ತಿಗೆ ಎಲ್ಲರೂ ಎದ್ದು ಹಾಡುತ್ತಾ ಮುಂದೆ ಹೋಗಿ ಹಾಕುತ್ತಾರೆ. ಕ್ವಾಚಾ (ಅಲ್ಲಿನ ಹಣ) ನೋಟು ಇಲ್ಲದವರು ಮೆಕ್ಕೆಜೋಳ, ಕಡಲೆಕಾಯಿ, ಕೋಳಿ ತರುತ್ತಾರೆ. ಕಟ್ಟಿದ ಕೋಳಿ ಪ್ರಸಂಗದ ನಡುವೆ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ.

ಪ್ರಸಂಗ ಅರ್ಥವಾಗದಿದ್ದರೆ ಸತ್ಯವೇದದ ಆ ಅಧ್ಯಾಯ ನಿಮ್ಮ ಪುಸ್ತಕದಲ್ಲಿ ತೆರೆದು ನಿಧಾನ ಓದಿ. ನಾನು ಹಾಗೇ ಮಾಡಿದೆ. ಆರು ತಿಂಗಳಲ್ಲಿ ಪದಗಳು ಒಂದೊಂದಾಗಿ ಕಿವಿಗೆ ಸಿಗತೊಡಗಿದವು.

ಬಿಳಿಹೂ:
ಓದುತ್ತಾ ಕಣ್ಣು ತುಂಬಿ ಬಂತು ಶೀಲಕ್ಕ.

ನೇರಮಾತು:
ಎಲ್ಲರೂ ಹಾಡು, ಬೆಟ್ಟ ಅಂತ ಬರೆಯುತ್ತಿದ್ದೀರಿ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಲಿವಿಂಗ್‌ಸ್ಟೋನಿಯಾ ಮಿಷನ್ ಶುರುವಾದದ್ದು 1875ರಲ್ಲಿ. ಅಲ್ಲಿನವರಿಗೆ ಮೊದಲ ಸಲ ಪಾಸ್ಟರ್ ಪಟ್ಟ ಕೊಟ್ಟದ್ದು 1914ರಲ್ಲಿ, ಮೂರೇ ಜನರಿಗೆ. 39 ವರ್ಷ! ಅಷ್ಟು ದಿನ ಅವರು ಪಾಠ ಹೇಳಲಿಲ್ಲವೇ, ಹಳ್ಳಿ ಹಳ್ಳಿ ಸುತ್ತಿ ಪ್ರಸಂಗ ಮಾಡಲಿಲ್ಲವೇ? ಎಲ್ಲಾ ಮಾಡಿದರು. ಆದರೆ ಇನ್ನೂ ಕಾಯಿರಿ, ಇನ್ನೂ ಪರೀಕ್ಷೆ ಇದೆ ಅಂತ ಕೂರಿಸಿದರು. ಆ ಮೂವರಲ್ಲಿ ಒಬ್ಬರಾದ ಯೆಸಾಯಾ ಜೆರೆಂಜಿ ಮ್ವಾಸಿ 1933ರಲ್ಲಿ ಹೊರಬಂದು ಕರಿಯರದ್ದೇ ಸ್ವಂತ ಸಭೆ ಕಟ್ಟಿದರು. ಮಿಷನ್ ಅಂದರೆ ಬರೀ ಸೇವೆ ಅಂತ ಹೊಸಬರು ನಂಬಿ ಹೋಗಬಾರದು.

ಚರಿತ್ರೆಮೇಷ್ಟ್ರು:
ನೇರಮಾತು ಅವರು ಹೇಳಿದ ಇಸವಿ ಸರಿ, ಅವರ ಸಿಟ್ಟೂ ಸರಿ. ಆದರೆ ಆ ಕತೆಯಲ್ಲಿ ಸ್ಕಾಟ್ಲೆಂಡಿನವರು ಮಾತ್ರ ಕೆಲಸ ಮಾಡಿದರು, ಉಳಿದವರು ಕಾಯುತ್ತಾ ಕೂತರು ಅನ್ನೋ ಹಾಗೆ ಆಗಬಾರದು. 1876ರಲ್ಲೇ ದಕ್ಷಿಣ ಆಫ್ರಿಕಾದ ಲವ್‌ಡೇಲ್‌ನಿಂದ ವಿಲಿಯಂ ಕೋಯಿ ಅನ್ನುವ ಷೋಸಾ ಯುವಕ ಬಂದರು. ಎನ್ಗೋನಿಗಳ ಮಾತು ಅವರ ಮಾತಿಗೆ ಹತ್ತಿರ. ಬಿಳಿಯರ ಮಾತನ್ನು ಕೇಳಲೊಲ್ಲದ ಎನ್ಗೋನಿ ನಾಯಕರ ಅಂಗಳದಲ್ಲಿ ಕೂತು ವರ್ಷಗಟ್ಟಲೆ ಮಾತಾಡಿದವರು ಕೋಯಿ. 1886ರಲ್ಲಿ ಅಲ್ಲೇ ತೀರಿಕೊಂಡರು. ಆಮೇಲೆ ಆ ಸೀಮೆಯಲ್ಲಿ ಎದ್ದ ಶಾಲೆಗಳಿಗೆ ನೆಲ ಹದ ಮಾಡಿದ್ದು ಅವರು.

ಜಾಗದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಿಷನ್ ಮೊದಲು ಸರೋವರದ ದಕ್ಷಿಣ ತುದಿಯ ಕೇಪ್ ಮಕ್ಲಿಯರ್‌ನಲ್ಲಿತ್ತು. ಮಲೇರಿಯಾಕ್ಕೆ ಒಬ್ಬರ ಹಿಂದೆ ಒಬ್ಬರು ಹೋದರು. 1881ರಲ್ಲಿ ಬಂಡಾವೆಗೆ ಬಂದರು, ಅದೂ ನೀರಿನ ದಡವೇ. ಅಲ್ಲೂ ಸಮಾಧಿಗಳ ಸಾಲು. 1894ರಲ್ಲಿ ಮಿಷನ್ನಿನ ಮುಖ್ಯಸ್ಥ ರಾಬರ್ಟ್ ಲಾಸ್ ಸೊಳ್ಳೆ ಕಡಿಮೆ ಇರುವ ಖೊಂಡೋವೆ ಗುಡ್ಡಕ್ಕೆ ಎಲ್ಲವನ್ನೂ ಎತ್ತಿಕೊಂಡು ಹೋದರು. ಲಾಸ್ 1927ರವರೆಗೆ, ಐವತ್ತು ವರ್ಷಕ್ಕೂ ಜಾಸ್ತಿ, ಆ ದೇಶದಲ್ಲೇ ದುಡಿದರು. ಹೊಸಪಯಣ ಮೇಡಂ, ಬಂಡಾವೆಗೆ ಹೋಗುವ ಅವಕಾಶ ಸಿಕ್ಕರೆ ಆ ಸಮಾಧಿಗಳ ಹತ್ತಿರ ಸ್ವಲ್ಪ ಹೊತ್ತು ನಿಂತು ಬನ್ನಿ.

ನೇರಮಾತು:
ಕೋಯಿ ವಿಷಯ ಒಪ್ಪುತ್ತೇನೆ ಮೇಷ್ಟ್ರೇ. ನಾನು ಹೇಳಿದ್ದೂ ಅದೇ ಅಲ್ವಾ? ದುಡಿದವರು ಒಬ್ಬರು, ಪುಸ್ತಕದಲ್ಲಿ ಹೆಸರು ಇನ್ನೊಬ್ಬರದು.

ಗುಡ್ಡದನರ್ಸ್:
ಈ ವಾದದಲ್ಲಿ ಆಕೆ ಕೇಳಿದ ಪ್ರಶ್ನೆ ಕಳೆದುಹೋಗುವ ಮುಂಚೆ ಒಂದಿಷ್ಟು ಕೆಲಸದ ಮಾತು. ನಾನು ಐದು ವರ್ಷ ಅಲ್ಲಿ ಮಿಷನ್ ಆಸ್ಪತ್ರೆಯಲ್ಲೇ ಇದ್ದವಳು.

ರೋಗಿಗೆ ಊಟ ಆಸ್ಪತ್ರೆ ಕೊಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಜೊತೆಗೆ ಬಂದ ಅಮ್ಮನೋ ಅತ್ತೆಯೋ ಅಕ್ಕನೋ ಅಡುಗೆ ಮಾಡುತ್ತಾರೆ. ಅದಕ್ಕೇ ಆವರಣದಲ್ಲಿ ಒಂದು ಷೆಡ್ ಇರುತ್ತದೆ, ಒಳಗೆ ಹತ್ತಿಪ್ಪತ್ತು ಮೂರು ಕಲ್ಲಿನ ಒಲೆ, ಯಾವಾಗಲೂ ಹೊಗೆ. ಗಾರ್ಡಿಯನ್ ಅಂತ ಅವರನ್ನು ಕರೆಯುತ್ತಾರೆ. ಅವರನ್ನು ಬೈದು ಹೊರಗೆ ಕಳಿಸುವ ನರ್ಸ್ ಅಲ್ಲಿ ಏನೂ ಸಾಧಿಸುವುದಿಲ್ಲ. ಹೆಣ್ಣಿಗೆ ಯಾವಾಗ ನೋವು ಶುರುವಾಯಿತು, ಹಿಂದಿನ ಹೆರಿಗೆ ಹೇಗಾಯಿತು, ಯಾವ ಗಿಡಮೂಲಿಕೆ ಕೊಟ್ಟಿದ್ದಾರೆ, ಎಲ್ಲಾ ಆ ಅಮ್ಮಂದಿರಿಗೆ ಗೊತ್ತು. ಸಂಜೆ ಆ ಷೆಡ್ಡಿನಲ್ಲಿ ಅವರು ತಾವೇ ಹಾಡಿ ಪ್ರಾರ್ಥನೆ ಮಾಡುತ್ತಾರೆ. ಪಾಸ್ಟರ್ ಇಲ್ಲ, ಪುಸ್ತಕವಿಲ್ಲ. ನನ್ನ ಮಟ್ಟಿಗೆ ಇಡೀ ಮಿಷನ್ನಿನಲ್ಲಿ ಎಲ್ಲಕ್ಕಿಂತ ಜೀವಂತ ಆರಾಧನೆ ನಡೆಯುತ್ತಿದ್ದದ್ದು ಅಲ್ಲಿ. ಡ್ಯೂಟಿ ಮುಗಿಸಿ ಒಂದು ಗಳಿಗೆ ಹೋಗಿ ಕೂತುಕೊಳ್ಳಿ. ಚಾಪೆ ಹಾಸಿ ಜಾಗ ಬಿಡುತ್ತಾರೆ.

ಊಟ ಎನ್ಸಿಮಾ. ಮೆಕ್ಕೆಜೋಳದ ಬಿಳಿ ಹಿಟ್ಟಿನ ಮುದ್ದೆ ಅನ್ನಬಹುದು, ಆದರೆ ಮುದ್ದೆಗಿಂತ ಮೆತ್ತಗೆ, ಚಪ್ಪಟೆ ಉಂಡೆಗಳು. ನೆಂಚಿಕೊಳ್ಳಲು ಸೊಪ್ಪು, ಬೀನ್ಸ್ ಕಾಳು ಇಲ್ಲವೇ ಉಸಿಪಾ ಅಂತ ಸರೋವರದ ಸಣ್ಣ ಒಣಮೀನು. ಊಟಕ್ಕೆ ಮುಂಚೆ ಮನೆಯ ಚಿಕ್ಕವರು ಚೊಂಬು, ಬೋಗುಣಿ ತಂದು ಕೈಗೆ ನೀರು ಹಾಕುತ್ತಾರೆ. ಮೊಣಕಾಲೂರಿ ಹಾಕುತ್ತಾರೆ. ಬೇಡ ಅಂತ ಎಬ್ಬಿಸಲು ಹೋಗಬೇಡಿ, ಸುಮ್ಮನೆ ಕೈ ಚಾಚಿ. ಅದು ಅವರ ಮರ್ಯಾದೆ.

ಸೊಳ್ಳೆಪರದೆ ಒಂದು ದಿನವೂ ಬಿಡಬೇಡಿ. ಸರೋವರದ ನಿಂತ ನೀರಲ್ಲಿ ಇಳಿದರೆ ಬಿಲ್ಹಾರ್ಜಿಯಾ ಹುಳು ಚರ್ಮದ ಮೂಲಕ ಸೇರುತ್ತದೆ. ಇಳಿದಿದ್ದರೆ ಪ್ರಾಜಿಕ್ವಾಂಟೆಲ್ ಮಾತ್ರೆ ತೆಗೆದುಕೊಳ್ಳುವುದನ್ನು ಮರೆಯಬೇಡಿ. ನೀವೇ ನರ್ಸ್, ಜಾಸ್ತಿ ಹೇಳಬೇಕಿಲ್ಲ.

ಹೊಸಪಯಣ:
ಗುಡ್ಡದನರ್ಸ್ ಅಕ್ಕ, ಆ ಷೆಡ್ಡಿನ ಮಾತು ಓದಿ ಮನಸ್ಸು ಹಗುರವಾಯಿತು. ಬಟ್ಟೆ ಬಗ್ಗೆ ಹೇಳಿ. ಚೂಡಿದಾರ ನಡೆಯುತ್ತದಾ?

ಗುಡ್ಡದನರ್ಸ್:
ನಡೆಯುತ್ತದೆ. ಆದರೆ ಮೇಲೆ ಚಿತೇಂಜೆ ಸುತ್ತಿಕೊಳ್ಳಿ. ಎರಡು ಮೀಟರ್ ಬಟ್ಟೆ, ಸಂತೆಯಲ್ಲಿ ನೂರಾರು ಬಣ್ಣ. ಅದೇ ಸೀರೆ, ಅದೇ ಚೀಲ, ಅದೇ ಕೂಸು ಕಟ್ಟಿಕೊಳ್ಳುವ ಜೋಳಿಗೆ, ತಲೆ ಹೊರೆಗೆ ಸಿಂಬೆ. ಬಾಂಡಾ ಕಾಲದಲ್ಲಿ ಹೆಂಗಸರು ಪ್ಯಾಂಟ್ ಹಾಕುವುದಕ್ಕೇ ಕಾನೂನಿನ ನಿಷೇಧ ಇತ್ತು. ಅದು ಹೋಗಿ ಎಷ್ಟೋ ವರ್ಷವಾಯಿತು, ಆದರೂ ಹಳ್ಳಿಯ ಸಭೆಗೆ, ಅದಕ್ಕಿಂತ ಹೆಚ್ಚಾಗಿ ಸಾವಿನ ಮನೆಗೆ, ಚಿತೇಂಜೆ ಇಲ್ಲದೆ ಹೋಗಬಾರದು.

ಹಳೇದಾರಿ:
ಸಾವಿನ ಮನೆ ಅಂದಿರಿ, ಹೇಳಲೇಬೇಕಾದ ಒಂದು ವಿಷಯ ನನ್ನಲ್ಲೂ ಇದೆ.

ನಾನು ಹೋಗಿದ್ದು ಬೇರೆ ಮಿಷನ್, ಹೆಸರು ಬೇಡ. ಅಕೌಂಟ್ಸ್ ಕೆಲಸ. ಹೊರಗಿನವರಿಗೆ ಬೇಲಿ ಹಾಕಿದ ಬೇರೆ ಆವರಣ, ಭಾನುವಾರ ಸಂಜೆ ನಮ್ಮದೇ ಇಂಗ್ಲಿಷ್ ಪ್ರಾರ್ಥನೆ. ಅನುಕೂಲವಾಗಿತ್ತು. ಮೊದಲ ಎಂಟು ತಿಂಗಳು ಹಳ್ಳಿಯ ಆರಾಧನೆಗೆ ನಾನು ಹೋಗಿದ್ದು ಎರಡೇ ಸಲ. ನಮ್ಮ ಆಫೀಸಿನ ಕಾವಲುಗಾರನ ಹೆಂಡತಿ ತೀರಿಕೊಂಡಳು. ತಿಂಗಳ ಕೊನೆ, ಲೆಕ್ಕ ಮುಗಿಸಬೇಕಿತ್ತು. ಲಕೋಟೆಯಲ್ಲಿ ದುಡ್ಡು ಹಾಕಿ ಕಳಿಸಿದೆ.

ಆತ ಮತ್ತೆ ಕೆಲಸಕ್ಕೆ ಬಂದ ದಿನ ಲಕೋಟೆಗೆ ಧನ್ಯವಾದ ಹೇಳಿದ. ಆಮೇಲೆ, "ನಿನ್ನನ್ನು ಅಲ್ಲಿ ಹುಡುಕಿದೆ" ಅಂದ. ಅಷ್ಟೇ. ಆ ಮಾತು ಇನ್ನೂ ಎದೆಯಲ್ಲಿ ಕೂತಿದೆ.

ಅಲ್ಲಿ ಮಲಿರೊ, ಅಂದರೆ ಸಾವು, ಆದರೆ ಊರೇ ಕೆಲಸ ಬಿಡುತ್ತದೆ. ಹೆಂಗಸರು ಹೆಣದ ಜೊತೆ ಒಳಗೆ ಚಾಪೆ ಮೇಲೆ ರಾತ್ರಿಯಿಡೀ ಹಾಡುತ್ತಾ ಕೂರುತ್ತಾರೆ. ಗಂಡಸರು ಹೊರಗೆ ಬೆಂಕಿ ಸುತ್ತ. ಪ್ರತಿ ಮನೆಯಿಂದ ಸೌದೆ, ಹಿಟ್ಟು, ನೀರು ಬರುತ್ತದೆ. ಮಾತು ಬೇಕಾಗಿಲ್ಲ, ಬಂದು ಕೂತರೆ ಸಾಕು. ಆರಾಧನೆ ಅಂತ ನೀವು ಹುಡುಕುವುದು ಭಾನುವಾರಕ್ಕಿಂತ ಅಲ್ಲಿ ಜಾಸ್ತಿ ಸಿಗುತ್ತದೆ. ಅದಾದ ಮೇಲೆ ಉಳಿದ ಒಂದೂವರೆ ವರ್ಷದಲ್ಲಿ ನಾನು ಒಂದು ಸಾವಿಗೂ ತಪ್ಪಿಸಲಿಲ್ಲ. ಇಂಗ್ಲಿಷ್ ಪ್ರಾರ್ಥನೆಗೆ ಹೋಗುವುದನ್ನೂ ನಿಲ್ಲಿಸಿದೆ. ಹೊಸಪಯಣ ಅವರೇ, ಹೊರಗಿನವರದ್ದೇ ಒಂದು ಗುಂಪು ನಿಮ್ಮನ್ನು ಪ್ರೀತಿಯಿಂದ ಕರೆಯುತ್ತದೆ. ಹೋಗಿ, ತಪ್ಪಿಲ್ಲ. ಆದರೆ ಅದೇ ನಿಮ್ಮ ಸಭೆ ಆಗದಿರಲಿ.

ಬೆಟ್ಟದಮೇಲೆ:
ಹಳೇದಾರಿ ಸರ್, ಬರೆದದ್ದು ಒಳ್ಳೆಯದಾಯಿತು.

ಎರಡುಪ್ಲಗ್:
ಒಂದು ಭಿನ್ನ ಅಭಿಪ್ರಾಯ. ದಿನವಿಡೀ ಬೇರೆ ಭಾಷೆಯಲ್ಲಿ ದುಡಿದವರಿಗೆ ವಾರಕ್ಕೆ ಒಂದು ಗಂಟೆ ತಮಗೆ ತಿಳಿಯುವ ಭಾಷೆಯಲ್ಲಿ ಪ್ರಾರ್ಥನೆ ಬೇಕೇ ಬೇಕು. ಇಲ್ಲದೆ ಕುಸಿದುಬಿದ್ದು ಅರ್ಧಕ್ಕೆ ಮರಳಿದವರನ್ನು ನೋಡಿದ್ದೇನೆ. ಬೇಲಿ ತಪ್ಪು, ಒಪ್ಪುತ್ತೇನೆ. ಆ ಒಂದು ಗಂಟೆ ತಪ್ಪಲ್ಲ.

ಹಳೇದಾರಿ:
ಸರಿ, ನಿಮ್ಮ ಮಾತಲ್ಲೂ ತೂಕ ಇದೆ. ಬೆಳಿಗ್ಗೆ ಅವರ ಜೊತೆ ಹೋಗಿ ಸಂಜೆ ಇದಕ್ಕೆ ಹೋದರೆ ನನ್ನದೇನೂ ತಕರಾರಿಲ್ಲ. ನಾನು ಹೋಗಿದ್ದು ಅವರ ಆರಾಧನೆಗೆ ಬದಲಾಗಿ ಇಂಗ್ಲಿಷ್ ಪ್ರಾರ್ಥನೆಗೆ.

ಮುವಾಫಾದರ್ಶಿಷ್ಯ:
ಇಲ್ಲಿ ಎಲ್ಲಾ ಪ್ರೆಸ್ಬಿಟೇರಿಯನ್ ಮಾತೇ ಆಯಿತು. ಕಥೋಲಿಕರ ಮಿಷನ್ ಬಗ್ಗೆಯೂ ಒಂದಿಷ್ಟು. ನಾನು ಮುವಾದಲ್ಲಿ ಮರದ ಕೆತ್ತನೆ ಕಲಿಯಲು ಹೋಗಿ ಏಳು ತಿಂಗಳು ಇದ್ದೆ. ದೆಡ್ಜಾ ಜಿಲ್ಲೆ, ಬೆಟ್ಟದ ಬುಡದಲ್ಲಿ. 1902ರಲ್ಲಿ ವೈಟ್ ಫಾದರ್ಸ್ ಅಂತ ಕರೆಸಿಕೊಳ್ಳುವ ಸಂಘದವರು ಶುರು ಮಾಡಿದ ಮಿಷನ್. 1976ರಲ್ಲಿ ಅಲ್ಲಿನ ಫಾದರ್ ಕ್ಲೋಡ್ ಬುಷೆ ಅವರು ಕುಂಗೋನಿ ಅಂತ ಕಲಾ ಕೇಂದ್ರ ತೆರೆದರು. ಚೇವಾ, ಎನ್ಗೋನಿ, ಯಾವೊ, ಮೂರೂ ಜನರ ಕಲೆ, ಆಚಾರ ಅಲ್ಲಿ ಉಳಿದಿದೆ. ಬಲಿಪೂಜೆಯಲ್ಲಿ (ಕಥೋಲಿಕರ ಮಾಸ್) ಡೋಲು ಇರುತ್ತದೆ, ಕುಣಿತ ಇರುತ್ತದೆ. ಸತ್ಯವೇದವನ್ನು ಹೊತ್ತು ತರುವಾಗ ಹೆಂಗಸರು ಕುಣಿಯುತ್ತಾ, ನಾಲಿಗೆ ಆಡಿಸಿ ಆ ಉದ್ದನೆಯ ಸ್ವರ ಎತ್ತುತ್ತಾ ಬರುತ್ತಾರೆ. ಹಳೇ ಕಾಲದ ಮಿಷನರಿಗಳು ಡೋಲು ಕಂಡರೆ ದೆವ್ವ ಅಂದರು. ಎಷ್ಟೋ ಸಭೆಗಳಲ್ಲಿ ಕುಣಿತಕ್ಕೆ ಹೋದವರನ್ನು ಶಿಸ್ತಿನ ಹೆಸರಲ್ಲಿ ಹೊರಗಿಟ್ಟರು. ಮುವಾದಲ್ಲಿ ಅದೇ ಡೋಲು ಪೀಠದ ಪಕ್ಕ ಕೂತಿದೆ.

ಹಾಡುವಶೀಲೆ:
ಡೋಲಿನ ವಿಷಯಕ್ಕೆ ನಮ್ಮ ಕಾಯಿರಿನಲ್ಲೇ ಎರಡು ಗುಂಪು ಇತ್ತು. ಹಿರಿಯರು ಬೇಡ, ಯುವಕರು ಬೇಕು. ಹಿರಿಯರೊಬ್ಬರು ಹೇಳಿದ ಕಾರಣ ಕೇಳಿ. ಉತ್ತರದಲ್ಲಿ ವಿಂಬುಜಾ ಅಂತ ರೋಗ ಬಿಡಿಸುವ ಕುಣಿತ ಇದೆ. ಮೈಮೇಲೆ ಬಂದವರಿಗೆ ಡೋಲು ಬಡಿದು ಕುಣಿಸುತ್ತಾರೆ. ಅವರ ತಾಯಿ ವರ್ಷಗಟ್ಟಲೆ ಅದರಲ್ಲಿ ನರಳಿದ್ದನ್ನು ನೋಡಿದವರು ಅವರು. "ನಿನಗೆ ಅದು ಸಂಗೀತ, ನನಗೆ ಅದು ನನ್ನ ಅಮ್ಮನ ಕಾಯಿಲೆ" ಅಂದರು. ಹೊರಗಿನಿಂದ ಬಂದ ನಾವು ಡೋಲು ಬೇಕು, ಬೇಡ ಅಂತ ತೀರ್ಪು ಕೊಡಬಾರದು. ಅದು ಅವರ ಮನೆಯ ಮಾತು, ಅವರೇ ಮಾತಾಡಿ ಮುಗಿಸಿಕೊಳ್ಳಲಿ.

ಮುವಾಫಾದರ್ಶಿಷ್ಯ:
ವಿಂಬುಜಾ ಯುನೆಸ್ಕೊ ಪಟ್ಟಿಯಲ್ಲಿದೆ ಶೀಲಕ್ಕ, ದೇಶದ ಹೆಮ್ಮೆ ಅದು. ಆದರೆ ಆ ಹಿರಿಯರ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ.

ನೇರಮಾತು:
ಈ ಚರ್ಚೆ ಈಗ ಸರಿಯಾದ ದಾರಿಗೆ ಬಂತು. ಒಂದು ಸೇರಿಸುತ್ತೇನೆ. ಜಾನ್ ಚಿಲೆಂಬ್ವೆ ಹೆಸರು ಯಾರೂ ಎತ್ತಲಿಲ್ಲ. ಮಲಾವಿಯವರೇ ಆದ ಪಾಸ್ಟರ್. ಅಮೆರಿಕದಲ್ಲಿ ಓದಿ ಬಂದು 1900ರಲ್ಲಿ ಚಿರಾಜುಲುನಲ್ಲಿ ಸ್ವಂತ ಮಿಷನ್ ಕಟ್ಟಿದರು. ಶಾಲೆ ನಡೆಸಿದರು, ದೊಡ್ಡ ಇಟ್ಟಿಗೆಯ ಚರ್ಚ್ ಕಟ್ಟಿಸಿದರು. ಬಿಳಿಯರ ತೋಟಗಳಲ್ಲಿ ಜನ ಪಡುತ್ತಿದ್ದ ಪಾಡು ಸಹಿಸದೆ 1915ರ ಜನವರಿಯಲ್ಲಿ ದಂಗೆ ಎದ್ದು ಪ್ರಾಣ ಕೊಟ್ಟರು. ಸರ್ಕಾರ ಆ ಚರ್ಚನ್ನು ಒಡೆದು ಹಾಕಿತು. ಈಗ ಕ್ವಾಚಾ ನೋಟಿನ ಮೇಲೆ ಅವರ ಮುಖ, ಜನವರಿ 15 ಅವರ ಹೆಸರಿನ ರಜೆ. ಅಲ್ಲಿಗೆ ಹೋಗುವವರು ಸ್ಕಾಟ್ಲೆಂಡಿನ ಮಿಷನರಿ ಲಿವಿಂಗ್‌ಸ್ಟನ್ ಹೆಸರಿಗಿಂತ ಮುಂಚೆ ಈ ಹೆಸರು ಕಲಿಯಬೇಕು.

ಚರಿತ್ರೆಮೇಷ್ಟ್ರು:
ಒಪ್ಪಿದೆ. ಹಾಗೇ 1992ರ ಮಾರ್ಚ್ 8 ಕೂಡ. ಕಥೋಲಿಕ ಬಿಷಪ್ಪರು ಬರೆದ ಪತ್ರವನ್ನು ಅವತ್ತು ದೇಶದ ಎಲ್ಲಾ ಕಥೋಲಿಕ ಚರ್ಚುಗಳಲ್ಲಿ ಓದಿದರು. ಬಾಂಡಾ ಆಡಳಿತದ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದ ಪತ್ರ. ಓದುವಾಗ ಜನ ಅಳುತ್ತಾ ಎದ್ದು ನಿಂತರು ಅಂತ ಅಲ್ಲಿದ್ದ ಮುದುಕರು ಈಗಲೂ ಹೇಳುತ್ತಾರೆ. ಮರುವರ್ಷ ಜನಮತ ಗಣನೆ ಆಯಿತು, 1994ರಲ್ಲಿ ಬಹುಪಕ್ಷ ಚುನಾವಣೆ.

ಬಿಳಿಹೂ:
ಬೆಟ್ಟದಮೇಲೆ ಸರ್, ಲಿವಿಂಗ್‌ಸ್ಟೋನಿಯಾದಲ್ಲಿ ನೆಲದ ಮೇಲೆ ಕಲ್ಲಿನಿಂದ ಬರೆದ ವಾಕ್ಯ ಇದೆ ಅಂತ ಕೇಳಿದ್ದೆ. ನಿಜವಾ?

ಬೆಟ್ಟದಮೇಲೆ:
ನಿಜ. ದಿನಾ ಶಾಲೆಗೆ ಹೋಗುವ ದಾರಿಯಲ್ಲಿ ನೋಡುತ್ತಿದ್ದೆ. 1959ರಲ್ಲಿ ದೇಶದಲ್ಲಿ ಬ್ರಿಟಿಷರ ವಿರುದ್ಧ ಚಳವಳಿ ಜೋರಾಗಿ, ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ಗುಡ್ಡದ ಮೇಲಿನ ಬಿಳಿಯರಿಗೆ ಅಪಾಯ ಅಂತ ತಿಳಿದು ವಿಮಾನದಿಂದ ಚೀಟಿ ಹಾಕಿದರು. ನಿಮ್ಮನ್ನು ಅಲ್ಲಿಂದ ಕರೆದೊಯ್ಯಬೇಕಾ ಅಂತ. ಅವರು ಮೇಲಿನಿಂದ ಕಾಣುವ ಹಾಗೆ ಬಿಳಿ ಕಲ್ಲು ಜೋಡಿಸಿ ಉತ್ತರ ಬರೆದರು, ಎಫೆಸದವರಿಗೆ 2:14. ಕ್ರಿಸ್ತನೇ ನಮ್ಮ ಸಮಾಧಾನ, ಎರಡನ್ನು ಒಂದು ಮಾಡಿ ನಡುವಿನ ಗೋಡೆ ಕೆಡವಿದ ಅನ್ನುವ ವಾಕ್ಯ. ಅವರು ಹೋಗಲಿಲ್ಲ.

ನಮ್ಮ ಹುಡುಗರು ಆ ಕಲ್ಲುಗಳ ಸುತ್ತ ಹುಲ್ಲು ಕೀಳುತ್ತಿದ್ದರು. ಮಳೆಗಾಲದಲ್ಲಿ ಹುಲ್ಲು ಮೊಣಕಾಲುದ್ದ ಬರುತ್ತದೆ. ಬಗ್ಗಿ ಕೀಳದಿದ್ದರೆ ಒಂದೇ ತಿಂಗಳಲ್ಲಿ ಅಕ್ಷರ ಮುಚ್ಚಿಹೋಗುತ್ತದೆ.

ಖಾಟಾತೀರ:
ಮಳೆಗಾಲದ ಮಾತು ಬಂತು. ಮೇಡಂ, ಜನವರಿ, ಫೆಬ್ರವರಿ ಹಸಿವಿನ ತಿಂಗಳುಗಳು. ಹಿಂದಿನ ವರ್ಷದ ಜೋಳ ಮುಗಿದಿರುತ್ತದೆ, ಹೊಸ ಬೆಳೆ ಹೊಲದಲ್ಲಿ ಹಸಿರಾಗಿರುತ್ತದೆ. ಎಷ್ಟೋ ಮನೆಯಲ್ಲಿ ಒಂದೇ ಹೊತ್ತು ಊಟ. ಆಗಲೂ ನೀವು ಹೋದರೆ ತಟ್ಟೆ ಮುಂದಿಡುತ್ತಾರೆ. ಆ ತಿಂಗಳುಗಳಲ್ಲಿ ಬರಿಗೈಲಿ ಯಾರ ಮನೆಗೂ ಹೋಗಬೇಡಿ. ಒಂದು ಕಿಲೊ ಸಕ್ಕರೆಯೋ ಸೋಪೋ ಹಿಡಿದು ಹೋಗಿ, ಬಾಗಿಲಲ್ಲೇ ಕೊಡದೆ ಹೊರಡುವಾಗ ಕೊಡಿ. ಕೊಟ್ಟದ್ದನ್ನು ಎರಡೂ ಕೈ ಸೇರಿಸಿ ತೆಗೆದುಕೊಳ್ಳುತ್ತಾರೆ, ನೀವೂ ಹಾಗೇ ತೆಗೆದುಕೊಳ್ಳಿ.

ಸುಮ್ನೆಓದುವೆ:
ಮುಖ ನೋಡಿ ಚಿಕ್ಕ ಮಕ್ಕಳು "ಮ್ವೆನ್ಯೆ" ಅಂತ ಕೂಗಿದರೆ ಬೇಸರ ಮಾಡಿಕೊಳ್ಳಬೇಡಿ. ಭಾರತದ ಕಡೆಯವರಿಗೆ ಅಲ್ಲಿ ಆ ಹೆಸರು. ಅಂಗಡಿಯವರು ಅಂತಲೇ ತಿಳಿದಿರುತ್ತಾರೆ. ನರ್ಸ್ ಅಂತ ಗೊತ್ತಾದ ಮೇಲೆ ಕರೆಯುವ ರೀತಿಯೇ ಬದಲಾಗುತ್ತದೆ.

ಹೊಸಪಯಣ:
ಎಲ್ಲರಿಗೂ ಯೆವೊ. ಕನ್ನಡಿ ಮುಂದೆ ನಿಂತು "ಮ್ವಾವುಕಾ ಉಲಿ" ಹೇಳಿ ಹೇಳಿ ಈಗ ನಾಲಿಗೆಗೆ ಬಂದಿದೆ. ಹಳೇದಾರಿ ಸರ್ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕಪ್ಪು ಬಣ್ಣದ ಒಂದು ಹತ್ತಿ ಸೀರೆಯನ್ನು ಎರಡು ಮೀಟರಿಗೆ ಕತ್ತರಿಸಿ ಅಂಚು ಹೊಲಿದು ಕೊಟ್ಟಿದ್ದಾರೆ, ಮೊದಲ ಸಾವಿಗೆ ಹೋಗುವಾಗ ಸುತ್ತಿಕೊಳ್ಳಲಿ ಅಂತ. ಕೊನೆಗೆ ಒಂದೇ ಪ್ರಶ್ನೆ, ಗುಡ್ಡದನರ್ಸ್ ಅಕ್ಕನಿಗೆ. ಪೆಟ್ಟಿಗೆಯಲ್ಲಿ ಇನ್ನು ಎರಡು ಕಿಲೊ ಜಾಗ ಇದೆ. ಏನು ತರಲಿ?

ಗುಡ್ಡದನರ್ಸ್:
ತಲೆಗೆ ಕಟ್ಟುವ ಟಾರ್ಚ್. ಒಂದಲ್ಲ, ನಾಲ್ಕು ತನ್ನಿ. ಒಂದು ನಿಮಗೆ, ಉಳಿದದ್ದು ರಾತ್ರಿ ಪಾಳಿಯ ಹುಡುಗಿಯರಿಗೆ. ಚಾರ್ಜ್ ಮಾಡುವುದು ಬೇಡ, ಬ್ಯಾಟರಿ ಹಾಕುವುದು ತನ್ನಿ. ಬ್ಯಾಟರಿ ಸಂತೆಯಲ್ಲಿ ಸಿಗುತ್ತದೆ. ಮಗುವಿನ ತಲೆ ಕಾಣಿಸುತ್ತಿರುವಾಗ ಕರೆಂಟು ಹೋದರೆ ನಿಮ್ಮ ಎರಡೂ ಕೈ ಖಾಲಿ ಇರಬೇಕು. ಟಾರ್ಚ್ ಇಲ್ಲದೆ ನಾನು ಎಷ್ಟೋ ರಾತ್ರಿ ಗಾರ್ಡಿಯನ್ ಅಮ್ಮಂದಿರಿಂದ ಫೋನಿನ ಬೆಳಕು ಹಿಡಿಸಿದ್ದೇನೆ. ಹಿಡಿದುಕೊಂಡೇ ಮೆಲ್ಲಗೆ ಹಾಡುತ್ತಿದ್ದರು ಅವರು.